ಗುಂಯ್ ಅನ್ನುತ್ತೆ, ತಿರುಗಲ್ಲ: ಏಸಿ ಕಂಪ್ರೆಸರ್ ಜೊತೆ ಐದು ದಿನ

ಮೊದಲ ದಿನ, ಮಧ್ಯಾಹ್ನ

ಒಳಗಿನ ಯೂನಿಟ್ ಗಾಳಿ ಬಿಡುತ್ತಿತ್ತು, ಆದರೆ ಬರೀ ಫ್ಯಾನ್ ಗಾಳಿ. ರಿಮೋಟ್‌ನಲ್ಲಿ 22 ಡಿಗ್ರಿ, ಕೋಣೆಯಲ್ಲಿ 33. ಹೊರಗೆ ಹೋಗಿ ಔಟ್‌ಡೋರ್ ಯೂನಿಟ್ ಪಕ್ಕ ನಿಂತೆ. ಅದರ ಫ್ಯಾನ್ ಸರಿಯಾಗಿಯೇ ತಿರುಗುತ್ತಿತ್ತು. ಫ್ಯಾನ್ ಸದ್ದಿನ ಅಡಿಯಲ್ಲಿ ಇನ್ನೇನಾದರೂ ಕೇಳುತ್ತಾ ಅಂತ ಕಿವಿಗೊಟ್ಟೆ. ಸ್ವಲ್ಪ ಹೊತ್ತಿಗೆ ಬಂತು. ಗುಂಯ್ ಅಂತ ಭಾರವಾದ ಮೊರೆತ, ನಾಲ್ಕೈದು ಸೆಕೆಂಡ್. ಆಮೇಲೆ ಟಕ್. ಮತ್ತೆ ಬರೀ ಫ್ಯಾನ್. ಮೂರ್ನಾಲ್ಕು ನಿಮಿಷ ಬಿಟ್ಟು ಅದೇ ಗುಂಯ್, ಅದೇ ಟಕ್.

ಇದು 1.5 ಟನ್ ಸ್ಪ್ಲಿಟ್ ಏಸಿ. ಇನ್ವರ್ಟರ್ ಅಲ್ಲ, ಹಳೇ ಕಾಲದ ಒಂದೇ ವೇಗದ ಸಿಂಗಲ್ ಫೇಸ್ ಕಂಪ್ರೆಸರ್, ಅಂದರೆ ಗ್ಯಾಸನ್ನು ಒತ್ತಿ ತಳ್ಳುವ ಪಂಪು. ಇನ್ವರ್ಟರ್ ಇದ್ದವರಿಗೆ ಇಲ್ಲಿರುವ ಬಹಳಷ್ಟು ಅನ್ವಯಿಸುವುದಿಲ್ಲ. ಅದರಲ್ಲಿ ಮೋಟರಿನ ಮೂರು ವೈಂಡಿಂಗ್‌ಗಳೂ (ತಾಮ್ರದ ತಂತಿಯ ಸುರುಳಿಗಳು) ಒಂದೇ ಓಮ್ ತೋರಿಸುತ್ತವೆ, ಮೋಟರ್ ಓಡಿಸುವುದು ಬೋರ್ಡು. ಆ ಬೋರ್ಡಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಜಾಸ್ತಿ ಡಿಸಿ ಕೂತಿರುತ್ತದೆ. ಅದರ ಕಥೆಯೇ ಬೇರೆ.

ಗುಂಯ್ ಸದ್ದು ಬಂದದ್ದು ನನ್ನ ಅದೃಷ್ಟ ಅನ್ನಬೇಕು. ಏನೂ ಸದ್ದೇ ಇಲ್ಲದಿದ್ದರೆ ಹುಡುಕಾಟ ಒಳಗಿನ ಬೋರ್ಡಿನಿಂದ ಶುರುವಾಗಬೇಕಿತ್ತು: ಸೆನ್ಸರ್, ರಿಲೇ (ಬೋರ್ಡು ತಾನೇ ಆನ್ ಆಫ್ ಮಾಡುವ ಸ್ವಿಚ್), ಎರಡು ಯೂನಿಟ್ ನಡುವಿನ ವೈರು. ನನ್ನ ಮಾಡೆಲ್‌ನಲ್ಲಿ ಹೊರಗಿನ ಫ್ಯಾನ್‌ಗೂ ಕಂಪ್ರೆಸರ್‌ಗೂ ಕರೆಂಟ್ ಬರುವುದು ಒಂದೇ ರಿಲೇಯಿಂದ. ಫ್ಯಾನ್ ತಿರುಗುತ್ತಿದೆ ಅಂದರೆ ಅಲ್ಲಿಯವರೆಗೆ ಎಲ್ಲ ಸರಿ. ಗುಂಯ್ ಅನ್ನುತ್ತಿದೆ ಅಂದರೆ ಕಂಪ್ರೆಸರ್‌ಗೂ ಕರೆಂಟ್ ತಲುಪುತ್ತಿದೆ, ಮೋಟರ್ ಮಾತ್ರ ತಿರುಗುತ್ತಿಲ್ಲ. ಟಕ್ ಅನ್ನುವುದು ಓವರ್‌ಲೋಡ್ ಸ್ವಿಚ್. ಮೋಟರ್ ತಿರುಗದೆ ಭಾರೀ ಕರೆಂಟ್ ಎಳೆದಾಗ ಬಿಸಿಯಾಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದಾಗ ಮತ್ತೆ ಕೂಡುತ್ತದೆ. ಅದು ಇಲ್ಲದಿದ್ದರೆ ವೈಂಡಿಂಗ್ ಆವತ್ತೇ ಸುಟ್ಟು ಹೋಗುತ್ತಿತ್ತು.

ಇಷ್ಟು ಗೊತ್ತಿದ್ದೂ ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವುದೇ. ಎಂಸಿಬಿ ಆಫ್ ಮಾಡಿ ಆನ್ ಮಾಡಿದೆ. ಆಗಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಇದು ಸುಮ್ನೆ ಅಲ್ಲ, ಹಾನಿಯೇ. ಒಂದೊಂದು ಸಲ ಪ್ರಯತ್ನಿಸಿದಾಗಲೂ ವೈಂಡಿಂಗ್ ಇನ್ನಷ್ಟು ಕಾಯುತ್ತದೆ. ಮೊದಲು ಮೂರ್ನಾಲ್ಕು ನಿಮಿಷಕ್ಕೆ ಕೂಡುತ್ತಿದ್ದ ಓವರ್‌ಲೋಡ್ ಆಮೇಲೆ ಹತ್ತು ನಿಮಿಷ ತೆಗೆದುಕೊಂಡಿತು. ಕೊನೆಗೆ ಗುಂಯ್ ಕೂಡ ನಿಂತಿತು. ಒಳ್ಳೆಯ ಸ್ಥಿತಿಯಲ್ಲಿರುವ ಕಂಪ್ರೆಸರನ್ನೂ ಹೀಗೆ ತಕ್ಷಣ ತಕ್ಷಣ ಎಬ್ಬಿಸಬಾರದು. ನಿಂತ ಕೂಡಲೇ ಒಂದು ಕಡೆ ಗ್ಯಾಸಿನ ಒತ್ತಡ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಇರುತ್ತದೆ. ಕ್ಯಾಪಿಲ್ಲರಿ ಕೊಳವೆಯ ಮೂಲಕ ಎರಡೂ ಸಮ ಆಗಲು ಸುಮಾರು ಮೂರು ನಿಮಿಷ ಬೇಕು. ಬೋರ್ಡಿನಲ್ಲಿ ಮೂರು ನಿಮಿಷದ ಟೈಮರ್ ಇಟ್ಟಿರುವುದು ಇದಕ್ಕೇ.

ಅದೇ ದಿನ, ಸಂಜೆ

ಎಂಸಿಬಿ ಆಫ್ ಮಾಡಿ, ಅದರ ಮೇಲೆ ಟೇಪ್ ಅಂಟಿಸಿದೆ. ಮನೆಯಲ್ಲಿ ಇನ್ನೊಬ್ಬರು ಬಂದು ಆನ್ ಮಾಡಿಬಿಟ್ಟರೆ? ಔಟ್‌ಡೋರ್ ಯೂನಿಟ್ಟಿನ ಪಕ್ಕದ ತಗಡು ಬಿಚ್ಚಿ, ಟರ್ಮಿನಲ್ ಬ್ಲಾಕ್‌ನಲ್ಲಿ ವೋಲ್ಟೇಜ್ ಸೊನ್ನೆ ಇದೆ ಅಂತ ಮೀಟರಿನಲ್ಲೂ ನೋಡಿಕೊಂಡೆ.

ಆಮೇಲೆ ಕೆಪಾಸಿಟರ್. ವಿದ್ಯುತ್ತನ್ನು ಹಿಡಿದಿಟ್ಟುಕೊಂಡು ಮೋಟರ್ ಏಳಲು ತಳ್ಳು ಕೊಡುವ ಭಾಗ. ಬೆಳ್ಳಿ ಬಣ್ಣದ ಡಬ್ಬಿ, ಮೇಲೆ 45 ಮೈಕ್ರೋಫ್ಯಾರಡ್ (ಎಷ್ಟು ಹಿಡಿದಿಡುತ್ತದೆ ಅನ್ನುವ ಅಳತೆ), 440 ವೋಲ್ಟ್ ಎಸಿ ಅಂತ ಬರೆದಿದೆ. ಇದನ್ನು ಖಾಲಿ ಮಾಡದೆ ಮುಟ್ಟಬಾರದು. ಓಡುವಾಗ ಇದರ ಎರಡು ತುದಿಗಳ ನಡುವೆ 380 ವೋಲ್ಟ್ ಆಸುಪಾಸು ಇರುತ್ತದೆ, ಮನೆಯ 230ಕ್ಕಿಂತ ಎಷ್ಟೋ ಜಾಸ್ತಿ. ಸಾಮಾನ್ಯವಾಗಿ ಸ್ವಿಚ್ ಆಫ್ ಆದ ಕೂಡಲೇ ಅದು ವೈಂಡಿಂಗ್ ಮೂಲಕವೇ ಖಾಲಿಯಾಗುತ್ತದೆ. ಆದರೆ ಒಂದು ವೈರು ಕಳಚಿಕೊಂಡಿದ್ದರೂ ಆ ದಾರಿ ಮುಚ್ಚಿಹೋಗುತ್ತದೆ. ಕೆಟ್ಟ ಮಷಿನ್‌ನಲ್ಲಿ ಏನು ಕಳಚಿದೆಯೋ ಯಾರಿಗೆ ಗೊತ್ತು? ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನಿಸುವವರನ್ನು ನೋಡಿದ್ದೇನೆ, ನನಗೆ ಅದು ಇಷ್ಟವಿಲ್ಲ. 20 ಕಿಲೋಓಮ್, 5 ವಾಟ್ ರೆಸಿಸ್ಟರಿಗೆ ಎರಡು ಕ್ಲಿಪ್ ಬೆಸೆದು ಇಟ್ಟುಕೊಂಡಿದ್ದೇನೆ. ಅದನ್ನು ಹತ್ತು ಸೆಕೆಂಡ್ ಹಿಡಿದರೆ ಸಾಕು. ಹಿಡಿದೆ, ಮೀಟರಿನಲ್ಲಿ ಸೊನ್ನೆ ನೋಡಿದೆ, ವೈರುಗಳ ಫೋಟೊ ತೆಗೆದೆ. ವೈರಿನ ಬಣ್ಣ ನಂಬಬೇಡಿ. ಒಂದು ಮಾಡೆಲ್‌ನಲ್ಲಿ ಕೆಂಪು ಆಗಿದ್ದದ್ದು ಇನ್ನೊಂದರಲ್ಲಿ ನೀಲಿ.

ಈಗ ವೈಂಡಿಂಗ್ ಅಳತೆ. ಕಂಪ್ರೆಸರ್ ತಲೆಯ ಮೇಲಿನ ಕಪ್ಪು ಮುಚ್ಚಳ ತೆಗೆದರೆ ಮೂರು ಪಿನ್: ಸಿ ಅಂದರೆ ಕಾಮನ್, ಆರ್ ಅಂದರೆ ರನ್, ಎಸ್ ಅಂದರೆ ಸ್ಟಾರ್ಟ್. ಇಲ್ಲೊಂದು ಎಚ್ಚರಿಕೆ. ಕರೆಂಟ್ ಇರುವಾಗ ಈ ಮುಚ್ಚಳ ತೆಗೆಯಬೇಡಿ, ಮುಚ್ಚಳ ತೆಗೆದಿಟ್ಟು ಕರೆಂಟ್ ಕೊಡಲೂ ಬೇಡಿ. ಈ ಪಿನ್‌ಗಳು ಗಾಜಿನ ಸೀಲ್‌ನಲ್ಲಿ ಕೂತಿರುತ್ತವೆ, ಹಿಂದೆ ಒತ್ತಡದಲ್ಲಿರುವ ಗ್ಯಾಸ್ ಮತ್ತು ಎಣ್ಣೆ. ವೈಂಡಿಂಗ್ ಶಾರ್ಟ್ ಆದ ಕಂಪ್ರೆಸರ್‌ನಲ್ಲಿ ಪಿನ್ ಕಿತ್ತುಕೊಂಡು ಎಣ್ಣೆ ಚಿಮ್ಮಿ ಬೆಂಕಿ ಹತ್ತಿದ್ದುಂಟು. ಅಪರೂಪ ನಿಜ, ಆದರೆ ಮುಖ ಅಲ್ಲೇ ಇರುತ್ತದಲ್ವಾ.

ವೈರು ಕಳಚಿ ಮೀಟರ್ ಇಟ್ಟೆ. ಸಿ-ಆರ್ ನಡುವೆ ಓಪನ್, ಅಂದರೆ ದಾರಿಯೇ ತುಂಡು. ಸಿ-ಎಸ್ ನಡುವೆ ಓಪನ್. ಆರ್-ಎಸ್ ನಡುವೆ 5.5 ಓಮ್.

ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯ್ತು. ವೈಂಡಿಂಗ್ ಓಪನ್, ಅಂದರೆ ಕಂಪ್ರೆಸರ್ ಹೋಯ್ತು ಅಂತಲೇ ಅಂದುಕೊಂಡೆ. ಪರಿಚಯದ ಒಬ್ಬ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಅವರೂ ಅದನ್ನೇ ಹೇಳಿದರು: ಕಾಮನ್ ಓಪನ್ ಇದ್ದರೆ ಬದಲಾಯಿಸಿಬಿಡಿ.

ಫೋನ್ ಇಟ್ಟ ಮೇಲೆ ಆ 5.5 ತಲೆಯಲ್ಲಿ ಕೊರೆಯುತ್ತಿತ್ತು. ಆರ್‌ನಿಂದ ಎಸ್‌ಗೆ ಹೋಗಬೇಕಾದರೆ ರನ್ ವೈಂಡಿಂಗ್ ದಾಟಬೇಕು, ಸ್ಟಾರ್ಟ್ ವೈಂಡಿಂಗನ್ನೂ ದಾಟಬೇಕು. ಎರಡೂ ತುಂಡಾಗಿಲ್ಲದಿದ್ದರೆ ಮಾತ್ರ 5.5 ಬರಲು ಸಾಧ್ಯ. ಹಾಗಾದರೆ ಬಿಟ್ಟುಹೋಗಿರುವುದು ಅವೆರಡೂ ಸೇರುವ ಜಾಗದಿಂದ ಸಿ ಪಿನ್‌ವರೆಗಿನ ತುಣುಕು. ಅಲ್ಲಿ ಏನಿದೆ? ಒಳಗಿನ ಓವರ್‌ಲೋಡ್! ಕೆಲವು ಕಂಪ್ರೆಸರ್‌ಗಳಲ್ಲಿ ಅದು ಮುಚ್ಚಳದ ಕೆಳಗೆ, ಹೊರಗಡೆ, ಗುಂಡಗಿನ ಬಿಲ್ಲೆಯ ಹಾಗೆ ಕಾಣುತ್ತದೆ. ನನ್ನದರಲ್ಲಿ ಬಿಲ್ಲೆ ಇಲ್ಲ, ಅಂದರೆ ಅದು ಒಳಗೆ ವೈಂಡಿಂಗ್‌ಗೇ ಅಂಟಿಕೊಂಡಿದೆ. ಕಂಪ್ರೆಸರ್ ಮೈ ಮುಟ್ಟಿ ನೋಡಿದೆ. ಎರಡು ಸೆಕೆಂಡ್ ಕೂಡ ಕೈ ಇಡಲಾಗಲಿಲ್ಲ. ಮಧ್ಯಾಹ್ನ ನಾನೇ ಆನ್ ಆಫ್ ಮಾಡಿ ಮಾಡಿ ಕಾಯಿಸಿದ ಕಂಪ್ರೆಸರ್. ಈ ಗಾತ್ರದ ಕಬ್ಬಿಣದ ಉಂಡೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು.

ತಗಡು ತೆರೆದಿಟ್ಟೇ ಮಲಗಿದೆ.

ಎರಡನೇ ದಿನ

ಬೆಳಿಗ್ಗೆ ಕಂಪ್ರೆಸರ್ ಮೈ ತಣ್ಣಗಿತ್ತು. ಮೀಟರ್ ಇಟ್ಟೆ. ಸಿ-ಆರ್ 2.2. ಸಿ-ಎಸ್ 3.5. ಆರ್-ಎಸ್ 5.5. ಓವರ್‌ಲೋಡ್ ಕೂಡಿಕೊಂಡಿದೆ!

ನಿಯಮ ಏನೆಂದರೆ ಮೊದಲ ಎರಡನ್ನು ಕೂಡಿದರೆ ಮೂರನೆಯದು ಬರಬೇಕು. 2.2 ಮತ್ತು 3.5 ಸೇರಿದರೆ 5.7. ಬಂದದ್ದು 5.5. ಸಣ್ಣ ವ್ಯತ್ಯಾಸ, ಆದರೆ ಇಂಥ ಕಮ್ಮಿ ಓಮ್‌ನಲ್ಲಿ ಅಷ್ಟು ಸಣ್ಣದೇ ಕೆಲವೊಮ್ಮೆ ಸುತ್ತುಗಳ ನಡುವಿನ ಶಾರ್ಟ್ ಹೇಳುತ್ತದೆ. ಆಮೇಲೆ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ನೋಡಿದೆ: 0.2. ಕಡ್ಡಿಯ ವೈರಿನದೇ ಓಮ್ ಅದು. ಮೂರರಿಂದಲೂ ಕಳೆದರೆ 2.0, 3.3, 5.3. ಕೂಡಿ ನೋಡಿ, ಸರಿಯಾಗಿ ಹೊಂದುತ್ತದೆ. ಪಿನ್‌ನಿಂದ ಮೈಗೆ ಲೀಕೇಜ್ ಇದೆಯಾ ಅಂತಲೂ ನೋಡಬೇಕು. ತಾಮ್ರದ ಕೊಳವೆಯನ್ನು ಒಂದು ಕಡೆ ಮರಳು ಕಾಗದದಿಂದ ಹೊಳೆಯುವಷ್ಟು ಉಜ್ಜಿ, 500 ವೋಲ್ಟ್ ಮೆಗ್ಗರ್ (ಲೀಕೇಜ್ ಅಳೆಯುವ ಮೀಟರ್) ಹಿಡಿದೆ. ನೂರು ಮೆಗಾಓಮ್‌ಗೂ ಜಾಸ್ತಿ. ಬಣ್ಣದ ಮೇಲೆ ಕಡ್ಡಿ ಇಟ್ಟು ಅಳೆದರೆ ಯಾವ ಕಂಪ್ರೆಸರ್ ಆದರೂ ಪಾಸಾಗುತ್ತದೆ.

ಹಾಗಾದರೆ ಕಂಪ್ರೆಸರ್ ಜೀವಂತ. ಏಳುತ್ತಿಲ್ಲ ಯಾಕೆ?

ಕೆಪಾಸಿಟರ್ ಅಳೆದೆ. 45 ಇರಬೇಕಾದಲ್ಲಿ 31.2. ಡಬ್ಬಿಯ ಮೇಲೆ 5 ಪರ್ಸೆಂಟ್ ಆಚೀಚೆ ಅಂತ ಬರೆದಿದೆ, ಅಂದರೆ 42.7ರ ಕೆಳಗೆ ಇಳಿದರೆ ಅದು ಬದಲಾಯಿಸಬೇಕಾದ ಸಾಮಾನು. ನೋಡಲು ಏನೂ ಆಗಿರಲಿಲ್ಲ. ಉಬ್ಬಿಲ್ಲ, ಎಣ್ಣೆ ಸೋರಿಲ್ಲ. ಒಳಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳುವಾಗಿ ಲೋಹ ಬಳಿದಿರುತ್ತಾರೆ. ಎಲ್ಲೋ ಒಂದು ಚುಕ್ಕೆಯಲ್ಲಿ ಶಾರ್ಟ್ ಆದರೆ ಅಷ್ಟು ಜಾಗದ ಲೋಹ ಆವಿಯಾಗಿ ಹೋಗಿ ಶಾರ್ಟ್ ತಾನೇ ಬಿಟ್ಟುಕೊಳ್ಳುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಪ್ರತಿ ಸಲ ಒಂದಿಷ್ಟು ಮೈಕ್ರೋಫ್ಯಾರಡ್ ಕಳೆದುಕೊಳ್ಳುತ್ತದೆ. ಸಿಂಗಲ್ ಫೇಸ್ ಮೋಟರ್ ತಾನಾಗಿ ಏಳುವುದಿಲ್ಲ. ಸ್ಟಾರ್ಟ್ ವೈಂಡಿಂಗಿನ ಕರೆಂಟನ್ನು ಕೆಪಾಸಿಟರ್ ಮುಂದಕ್ಕೆ ತಳ್ಳಿ ಕೊಡಬೇಕು, ಆಗಲೇ ರೋಟರ್‌ಗೆ (ಮೋಟರಿನ ತಿರುಗುವ ಭಾಗ) ಯಾವ ಕಡೆ ತಿರುಗಬೇಕು ಅಂತ ಗೊತ್ತಾಗುವುದು. 31ರಲ್ಲಿ ಆ ತಳ್ಳು ಸೋತಿತ್ತು.

ಹೊಸದು ತಂದೆ. ಅದೇ 45, ಅದೇ 440 ವೋಲ್ಟ್. ವೋಲ್ಟ್ ಜಾಸ್ತಿ ಇದ್ದರೆ ಪರವಾಗಿಲ್ಲ, ಕಮ್ಮಿ ಇರಬಾರದು. ಮೈಕ್ರೋಫ್ಯಾರಡ್ ಮಾತ್ರ ಬರೆದಷ್ಟೇ ಇರಬೇಕು. ಇನ್ನೂ ಜೋರಾಗಿ ಏಳಲಿ ಅಂತ 60 ಹಾಕಿದರೆ ಸ್ಟಾರ್ಟ್ ವೈಂಡಿಂಗ್‌ನಲ್ಲಿ ಇಡೀ ದಿನ ಜಾಸ್ತಿ ಕರೆಂಟ್ ಹರಿಯುತ್ತದೆ. ಹಳೆಯದರಿಂದ ವೈರು ಕಿತ್ತೆ, ಹೊಸದಕ್ಕೆ ಒತ್ತಿದೆ. ಮುಚ್ಚಳ ಹಾಕಿದೆ. ಎಂಸಿಬಿ ಆನ್.

ಮೂರು ನಿಮಿಷ ಕಾದೆ. ಟುಕ್ ಅಂತ ಎದ್ದಿತು. ಗುಂಯ್ ಇಲ್ಲ, ಏನೂ ಇಲ್ಲ. ವೈರಿನ ಸುತ್ತ ಸಿಕ್ಕಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್‌ನಲ್ಲಿ 6.9 ಆಂಪ್, ನೇಮ್‌ಪ್ಲೇಟ್‌ನಲ್ಲಿ ಬರೆದದ್ದಕ್ಕೆ ಹತ್ತಿರ.

ಓಡುತ್ತಿರುವಾಗಲೇ ಕೆಪಾಸಿಟರ್ ಅಳೆಯುವ ಒಂದು ಲೆಕ್ಕ ಇದೆ, ನನಗೆ ಬಹಳ ಇಷ್ಟ. ಸ್ಟಾರ್ಟ್ ವೈರಿನ ಆಂಪ್ ತೆಗೆದುಕೊಂಡು 3183ರಿಂದ ಗುಣಿಸಿ, ಕೆಪಾಸಿಟರಿನ ಎರಡು ತುದಿಗಳ ನಡುವಿನ ವೋಲ್ಟ್‌ನಿಂದ ಭಾಗಿಸಬೇಕು. ನನಗೆ ಸಿಕ್ಕಿದ್ದು 5.4 ಆಂಪ್, 385 ವೋಲ್ಟ್. ಲೆಕ್ಕ ಹಾಕಿದರೆ 44.6 ಮೈಕ್ರೋಫ್ಯಾರಡ್. 3183 ಅನ್ನುವುದು 50 ಹರ್ಟ್ಸ್ ಇರುವಲ್ಲಿ. 60 ಹರ್ಟ್ಸ್ ಇದ್ದರೆ 2652. ಬಿಡಿಸಿ ಅಳೆಯುವ ಮೀಟರ್ ಬರೀ ಕೆಲವು ವೋಲ್ಟ್ ಕೊಟ್ಟು ನೋಡುತ್ತದೆ. ಇಲ್ಲಿ ಕೆಪಾಸಿಟರ್ ನಿಜವಾದ ಕೆಲಸ ಮಾಡುತ್ತಿರುವಾಗಲೇ ಅಂಕಿ ಸಿಗುತ್ತದೆ. ಆದರೆ ಇದು 385 ವೋಲ್ಟ್ ಇರುವ ತುದಿಗಳ ಮೇಲೆ ಕಡ್ಡಿ ಇಡುವ ಕೆಲಸ. ಅಭ್ಯಾಸ ಇಲ್ಲದವರಿಗೆ ಬೇಡ.

ಸಾಮಾನು ಎತ್ತಿಟ್ಟೆ. ಕೇಸ್ ಮುಗಿಯಿತು ಅಂದುಕೊಂಡೆ.

ನಾಲ್ಕನೇ ದಿನ

ಮಧ್ಯಾಹ್ನ ಮೂರು ಗಂಟೆ. ಗುಂಯ್. ಟಕ್.

ಈ ಸಲ ಒಂದೇ ಗುಂಯ್‌ಗೆ ಎಂಸಿಬಿ ಆಫ್ ಮಾಡಿದೆ. ಹೊಸ ಕೆಪಾಸಿಟರ್ ತೆಗೆದು ಅಳೆದರೆ 44.8. ವೈಂಡಿಂಗ್ ಸರಿ. ಟರ್ಮಿನಲ್ ಬ್ಲಾಕ್‌ನಲ್ಲಿ ವೋಲ್ಟೇಜ್ 232. ಸಂಜೆ ಮತ್ತೆ ಜೋಡಿಸಿ ಆನ್ ಮಾಡಿದರೆ ಟುಕ್ ಅಂತ ಎದ್ದು ರಾತ್ರಿಯೆಲ್ಲ ಓಡಿತು! ತೊಂದರೆ ಕೊಡುವುದು, ನಾವು ನೋಡಲು ಕೂತಾಗ ಸರಿಯಾಗುವುದು. ಇಂಥ ಮಷಿನ್‌ಗಿಂತ ಪೂರ್ತಿ ಕೆಟ್ಟ ಮಷಿನ್ ಎಷ್ಟೋ ವಾಸಿ.

ಮೆಕ್ಯಾನಿಕ್ ಈ ಸಲ ಬಂದೇ ಹೇಳಿದರು: ಒಳಗೆ ಬೇರಿಂಗ್ ಹಿಡಿಯುತ್ತಿದೆ, ಬೇಕಾದರೆ ಹಾರ್ಡ್ ಸ್ಟಾರ್ಟ್ ಕಿಟ್ ಹಾಕಿ ಕೆಲವು ತಿಂಗಳು ಓಡಿಸಿ. ಅದೊಂದು ಹೆಚ್ಚುವರಿ ಸ್ಟಾರ್ಟ್ ಕೆಪಾಸಿಟರ್. ಏಳುವ ಕ್ಷಣಕ್ಕೆ ಮಾತ್ರ ಸೇರಿಕೊಂಡು ಬಲ ಕೊಟ್ಟು, ರಿಲೇ ಮೂಲಕ ಹೊರಗೆ ಹೋಗುತ್ತದೆ. ಕೆಟ್ಟ ವಸ್ತುವಲ್ಲ. ಹಳೇ ಕಂಪ್ರೆಸರಿಗೆ, ವೋಲ್ಟೇಜ್ ಸೊರಗುವ ಲೈನಿಗೆ ಉಪಯೋಗ ಇದೆ. ಆದರೆ ಏನು ಕೆಟ್ಟಿದೆ ಅಂತ ತಿಳಿಯುವ ಮೊದಲೇ ಅದನ್ನು ಹಾಕುವುದು, ಕುಂಟುವವನ ಕಾಲಿನ ಮುಳ್ಳು ನೋಡದೆ ಕೋಲು ಕೊಟ್ಟ ಹಾಗೆ. ನಾನು ಬೇಡ ಅಂದೆ. ಅವರು ಕಂಪ್ರೆಸರ್ ಮೈಗೆ ಮರದ ಸುತ್ತಿಗೆಯಿಂದ ಎರಡು ಏಟು ಕೊಟ್ಟು ಹೋದರು. ಅಂಟಿಕೊಂಡ ಕಂಪ್ರೆಸರ್ ಹಾಗೆ ಬಿಟ್ಟುಕೊಳ್ಳುವುದೂ ಉಂಟು, ನಗಬೇಡಿ.

ಐದನೇ ದಿನ

ಮಧ್ಯಾಹ್ನಕ್ಕೇ ಕಾದೆ. ಏಳದೇ ಇರುವಾಗಲೇ ಅಳೆಯಬೇಕು ಅಂತ ಹಠ. ಕ್ಲ್ಯಾಂಪ್ ಮೀಟರನ್ನು ಕಂಪ್ರೆಸರಿನ ಕಾಮನ್ ವೈರಿಗೆ ಮೊದಲೇ ಸಿಕ್ಕಿಸಿಟ್ಟೆ. ಇನ್ನೊಂದು ಮೀಟರನ್ನು ಟರ್ಮಿನಲ್ ಬ್ಲಾಕ್‌ಗೆ ಕ್ಲಿಪ್ ಮಾಡಿದೆ. ಎಲ್ಲ ಕರೆಂಟ್ ಇಲ್ಲದಾಗಲೇ. ಆಮೇಲೆ ಕೈ ಜೇಬಿನಲ್ಲಿಟ್ಟು ನಿಂತೆ, ಒಳಗಿನಿಂದ ಆನ್ ಮಾಡಲು ಕೂಗಿದೆ.

ಗುಂಯ್. 29 ಆಂಪ್. 219 ವೋಲ್ಟ್. ಟಕ್.

ಮಾಮೂಲಿ ಕ್ಲ್ಯಾಂಪ್ ಮೀಟರ್ ಏಳುವ ಕ್ಷಣದ ಕರೆಂಟನ್ನು ಹಿಡಿಯುವುದಿಲ್ಲ, ಅರ್ಧ ಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ. ಆದರೆ ತಿರುಗದ ಮೋಟರ್ ನಾಲ್ಕು ಸೆಕೆಂಡ್ ಕರೆಂಟ್ ಎಳೆಯುತ್ತಲೇ ಇರುತ್ತದೆ, ಅಂಕಿ ನಿಧಾನವಾಗಿ ಓದಬಹುದು. ಕೆಟ್ಟದ್ದರಿಂದಲೂ ಒಂದು ಉಪಕಾರ.

29 ಅನ್ನುವುದನ್ನು ಮೊದಲು ನೋಡಿದಾಗ ಅಬ್ಬಾ ಎಷ್ಟೊಂದು ಅನಿಸಿತು. ಆಮೇಲೆ ನೇಮ್‌ಪ್ಲೇಟ್ ನೋಡಿದೆ. ರೋಟರ್ ಅಲುಗದೆ ನಿಂತಾಗ ಎಳೆಯುವ ಕರೆಂಟ್ ಎಷ್ಟು ಅಂತ ಅಲ್ಲಿ ಬರೆದಿರುತ್ತದೆ, ಎಲ್‌ಆರ್‌ಎ ಅಂತ. ನನ್ನದರಲ್ಲಿ 38, ಅದೂ 230 ವೋಲ್ಟ್‌ಗೆ. ನಿಂತ ಮೋಟರ್ ಹೆಚ್ಚುಕಡಿಮೆ ಒಂದು ಹೀಟರ್ ಸುರುಳಿಯ ಹಾಗೆ: ವೋಲ್ಟ್ ಎಷ್ಟು ಕೊಟ್ಟರೆ ಅದರ ಅಳತೆಯಲ್ಲಿ ಆಂಪ್. ನಿಜವಾಗಿ ಜಾಮ್ ಆಗಿದ್ದರೂ 219 ವೋಲ್ಟ್‌ಗೆ 36 ಆಂಪ್ ಬರಬೇಕಿತ್ತು. ಬಂದದ್ದು 29. ತಿರುಗಿಸಿ ಲೆಕ್ಕ ಹಾಕಿದೆ: 29ನ್ನು 38ರಿಂದ ಭಾಗಿಸಿ 230ರಿಂದ ಗುಣಿಸಿದರೆ 175.

ಅಂದರೆ ಟರ್ಮಿನಲ್ ಬ್ಲಾಕ್‌ನಲ್ಲಿ 219 ಇದೆ, ಕಂಪ್ರೆಸರಿಗೆ ಸಿಗುತ್ತಿರುವುದು 175 ವೋಲ್ಟ್. ಅವೆರಡರ ನಡುವೆ ಇರುವುದು ಮೊಳ ಉದ್ದದ ವೈರು. 44 ವೋಲ್ಟ್ ಎಲ್ಲಿ ಹೋಯಿತು?

ನಾನು ಇಷ್ಟು ದಿನ ನೋಡುತ್ತಿದ್ದ 232 ವೋಲ್ಟ್ ಏನನ್ನೂ ಹೇಳಿರಲಿಲ್ಲ. ಕಂಪ್ರೆಸರಿನ ಕರೆಂಟ್ ಹರಿಯದಿದ್ದಾಗ ಎಂಥ ಕೊಳೆತ ಜಾಯಿಂಟಿನ ಆಚೆಗೂ ಪೂರ್ತಿ ವೋಲ್ಟೇಜ್ ತೋರುತ್ತದೆ. ನಲ್ಲಿ ಮುಚ್ಚಿದಾಗ ಕಸ ಕಟ್ಟಿದ ಪೈಪಿನಲ್ಲೂ ಒತ್ತಡ ಇರುವ ಹಾಗೆ, ನಲ್ಲಿ ತಿರುಗಿಸಿದಾಗಲೇ ಬಣ್ಣ ಬಯಲು. ಮೀಟರಿನ ಬೀಪ್ ಪರೀಕ್ಷೆಯೂ ಅಷ್ಟೇ. ಹಲವು ಓಮ್ ಇದ್ದರೂ ಬೀಪ್ ಅನ್ನುತ್ತದೆ, ಇಲ್ಲಿ ಒಂದೂವರೆ ಓಮ್ ಸಾಕು ಕೆಲಸ ಕೆಡಿಸಲು.

ಜಾಯಿಂಟುಗಳನ್ನು ಒಂದೊಂದಾಗಿ ಹಿಡಿಯಬೇಕಿತ್ತು. ಮೀಟರಿನ ಒಂದು ಕ್ಲಿಪ್ ಜಾಯಿಂಟಿನ ಈಚೆ, ಇನ್ನೊಂದು ಆಚೆ. ಜಾಯಿಂಟ್ ಒಳ್ಳೆಯದಾದರೆ ಕರೆಂಟ್ ಹರಿಯುವಾಗಲೂ ಹೆಚ್ಚುಕಡಿಮೆ ಸೊನ್ನೆ ಬರಬೇಕು. ನನ್ನ ವೈರಿಂಗ್‌ನಲ್ಲಿ ನ್ಯೂಟ್ರಲ್ ವೈರು ಟರ್ಮಿನಲ್ ಬ್ಲಾಕ್‌ನಿಂದ ಕೆಪಾಸಿಟರಿನ ಒಂದು ತುದಿಗೆ ಬಂದು, ಅಲ್ಲಿಂದ ರನ್ ಪಿನ್‌ಗೆ ಹೋಗುತ್ತದೆ. ಕೆಪಾಸಿಟರಿನ ಆ ತುದಿಯಲ್ಲಿ ವೈರು ಸಿಕ್ಕಿಸಲು ಒಂದಕ್ಕೊಂದು ಸೇರಿದ ಮೂರು ನಾಲ್ಕು ಲೋಹದ ಎಲೆಗಳಿರುತ್ತವೆ, ಒಂದೆರಡು ಖಾಲಿ. ಕಂಪ್ರೆಸರ್ ಮುಚ್ಚಳ ಮುಟ್ಟದೆ ಅಳೆಯಲು ಇದಕ್ಕಿಂತ ಸುಲಭದ ಜಾಗ ಬೇರೆ ಇಲ್ಲ. ಒಂದು ಕ್ಲಿಪ್ ಬ್ಲಾಕಿನ ನ್ಯೂಟ್ರಲ್ ಸ್ಕ್ರೂಗೆ, ಇನ್ನೊಂದು ಕೆಪಾಸಿಟರಿನ ಖಾಲಿ ಎಲೆಗೆ. ಅರ್ಧ ಗಂಟೆ ತಣಿಯಲು ಬಿಟ್ಟು ಮತ್ತೆ ಆನ್.

43 ವೋಲ್ಟ್.

ಒಂದೇ ವೈರಿನ ಎರಡು ತುದಿಗಳ ನಡುವೆ. ಎಂಸಿಬಿ ಆಫ್ ಮಾಡಿ, ಕೆಪಾಸಿಟರ್ ಖಾಲಿ ಮಾಡಿ, ಆ ವೈರಿನ ಲಗ್, ಅಂದರೆ ಎಲೆಗೆ ಸಿಕ್ಕಿಸುವ ತುದಿಯ ಲೋಹದ ತುಣುಕು, ಕೈಗೆ ತೆಗೆದುಕೊಂಡೆ. ಎರಡನೇ ದಿನ ನಾನೇ ಕಿತ್ತು ನಾನೇ ಒತ್ತಿದ್ದ ಲಗ್ ಅದು. ಹೊರಗಿನಿಂದ ನೋಡಿದರೆ ಪಾರದರ್ಶಕ ಪ್ಲಾಸ್ಟಿಕ್ ತೋಳು, ಸ್ವಲ್ಪ ಹಳದಿ. ಹಳೇ ಮಷಿನ್, ಹಳದಿ ಆಗದೆ ಇರುತ್ತದಾ ಅಂತ ಆವತ್ತು ಬಿಟ್ಟಿದ್ದೆ. ಈಗ ತೋಳು ಹಿಂದಕ್ಕೆ ಸರಿಸಿದೆ. ಅದು ಸರಿಯಲಿಲ್ಲ, ಪುಡಿಪುಡಿಯಾಗಿ ಉದುರಿತು. ಒಳಗೆ ಲಗ್ಗಿನ ಹಿತ್ತಾಳೆ ಕಂದು ನೀಲಿ ಬಣ್ಣಕ್ಕೆ ತಿರುಗಿತ್ತು. ವೈರನ್ನು ಹಿಡಿದು ಒತ್ತಿರುವ ಕ್ರಿಂಪ್ ಒಳಗೆ ತಾಮ್ರದ ಎಳೆಗಳು ಕಪ್ಪಾಗಿ, ಹೊರಗಿನ ನಾಲ್ಕೈದು ಎಳೆ ತುಂಡಾಗಿದ್ದವು. ಉಗುರಿನಿಂದ ತಳ್ಳಿದರೆ ವೈರು ಕ್ರಿಂಪ್ ಒಳಗೆ ಗಿಲಕಿಯ ಹಾಗೆ ಅಲುಗಾಡಿತು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ಪ್ಲಾಸ್ಟಿಕ್ಕಿನ ಹಳಸಲು ವಾಸನೆ.

29 ಆಂಪ್, 43 ವೋಲ್ಟ್: ಗುಣಿಸಿದರೆ 1247 ವಾಟ್. ಒಂದು ಇಸ್ತ್ರಿ ಪೆಟ್ಟಿಗೆಯಷ್ಟು ಶಾಖ, ಬೆರಳಿನ ತುದಿಯಷ್ಟು ಜಾಗದಲ್ಲಿ, ಪ್ರತಿ ಗುಂಯ್‌ಗೂ ನಾಲ್ಕು ಸೆಕೆಂಡ್.

ಉಳಿದದ್ದೆಲ್ಲ ಆಗ ತಾನಾಗಿ ಬಿಡಿಸಿಕೊಂಡಿತು. ಮೋಟರಿನ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 219ರಲ್ಲಿ 43 ಹೋದರೆ 176. 230ರ ಜಾಗದಲ್ಲಿ ಅಷ್ಟೇ ಸಿಕ್ಕರೆ ಬಲ ಸುಮಾರು 59 ಪರ್ಸೆಂಟ್ ಮಾತ್ರ. ರಾತ್ರಿ ತಂಪಿನಲ್ಲಿ ಗ್ಯಾಸಿನ ಒತ್ತಡ ಕಮ್ಮಿ, ಅಷ್ಟು ಬಲದಲ್ಲೂ ಎದ್ದುಬಿಡುತ್ತಿತ್ತು. ಮಧ್ಯಾಹ್ನ ಮೂರರ ಬಿಸಿಲಿಗೆ ಆಗುತ್ತಿರಲಿಲ್ಲ. ಫ್ಯಾನ್ ಮಾತ್ರ ಯಾಕೆ ಸೊರಗಲಿಲ್ಲ ಅಂದರೆ ಅದರ ನ್ಯೂಟ್ರಲ್ ನೇರ ಬ್ಲಾಕ್‌ನಿಂದ ಹೋಗುತ್ತದೆ, ಈ ಲಗ್ ದಾಟುವುದಿಲ್ಲ. ಗುಂಯ್ ಅನ್ನುವಾಗ ಫ್ಯಾನ್ ವೇಗ ಬದಲಾಗುತ್ತಿರಲಿಲ್ಲ ಅನ್ನುವುದನ್ನು ಮೊದಲ ದಿನವೇ ನೋಡಿದ್ದೆ. ಲೈನ್ ಗಟ್ಟಿಯಾಗಿದೆ ಅಂತ ಅದರಿಂದ ಸಮಾಧಾನ ಪಟ್ಟುಕೊಂಡಿದ್ದೆ, ಲೈನ್ ಗಟ್ಟಿಯಾಗಿಯೇ ಇತ್ತು ಕೂಡ.

ಕೆಪಾಸಿಟರ್ ಬದಲಾಯಿಸಿದ್ದು ದಂಡವಾ? ಅಲ್ಲ, 31.2 ಸುಳ್ಳಲ್ಲ. ಆದರೆ ಎರಡನೇ ದಿನದ ಜಯದಲ್ಲಿ ಅರ್ಧ ಪಾಲು ಲಗ್ಗನ್ನು ಕಿತ್ತು ಒತ್ತಿದ್ದರದು. ಅಲುಗಾಡಿಸಿದಾಗ ಕಪ್ಪು ಪದರ ಸ್ವಲ್ಪ ಕೆರೆದು ಹೋಗಿ ತಾಮ್ರ ತಾಮ್ರಕ್ಕೆ ತಾಗಿತು, ಎರಡು ದಿನ ನಡೆಯಿತು. ನಾಲ್ಕನೇ ದಿನ ಸಂಜೆ ಎದ್ದದ್ದೂ ಹಾಗೆಯೇ. ಆವತ್ತು ಕೆಪಾಸಿಟರ್ ಅಳೆಯಲು ಮತ್ತೆ ಅದನ್ನೇ ಕಿತ್ತಿದ್ದೆನಲ್ಲ! ನಾನು ರಿಪೇರಿ ಮಾಡುತ್ತಿದ್ದೇನೆ ಅಂದುಕೊಂಡು ಪ್ರತಿ ಸಲ ಲಗ್ ಅಲುಗಿಸುತ್ತಿದ್ದೆ, ಅಷ್ಟೇ.

ಅದೇ ದಿನ, ರಿಪೇರಿ

ಕೆಲಸ ಇಪ್ಪತ್ತು ನಿಮಿಷದ್ದು. ವೈರಿನ ತುದಿ ಕತ್ತರಿಸಿದೆ, ತಾಮ್ರ ಇನ್ನೂ ಕಪ್ಪು. ಮತ್ತೆ ಕತ್ತರಿಸಿದೆ. ಮೂರನೇ ಸಲ, ಸುಮಾರು ಎರಡು ಇಂಚು ಹಿಂದೆ ಹೊಳೆಯುವ ತಾಮ್ರ ಸಿಕ್ಕಿತು. ಕಪ್ಪು ಎಳೆಯ ಮೇಲೆ ಹೊಸ ಲಗ್ ಹಾಕಿದರೆ ಮುಂದಿನ ಬೇಸಿಗೆಗೆ ಇದೇ ಕಥೆ. 6.3 ಮಿಲಿಮೀಟರ್ ಅಗಲದ, ತವರ ಬಳಿದ ಹಿತ್ತಾಳೆ ಲಗ್ ತೆಗೆದುಕೊಂಡು ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿದೆ. ಮಾಮೂಲಿ ಇಕ್ಕಳದಿಂದ ಚಪ್ಪಟೆ ಮಾಡಿದ್ದು ಕ್ರಿಂಪ್ ಆಗುವುದಿಲ್ಲ, ಹಿಂದೆ ಯಾರೋ ಹಾಗೆ ಮಾಡಿದ್ದೇ ಇದರ ಮೂಲ ಇರಬೇಕು. ಬೆಸುಗೆ ಹಾಕೋಣ ಅನಿಸಿತು, ಬಿಟ್ಟೆ. ಜಾಯಿಂಟ್ ಕಾದರೆ ಬೆಸುಗೆ ಮೆತ್ತಗಾಗುತ್ತದೆ, ಜೊತೆಗೆ ಕಂಪ್ರೆಸರ್ ನಡುಗುವ ಜಾಗದಲ್ಲಿ ಬೆಸುಗೆ ನಿಂತ ಗಡಿಯಲ್ಲೇ ವೈರು ಮುರಿಯುತ್ತದೆ. ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿದೆ. ಬರಲಿಲ್ಲ. ಹೊಸ ತೋಳು ತೊಡಿಸಿದೆ. ಕೆಪಾಸಿಟರಿನಲ್ಲಿ ಈ ಲಗ್ ಕೂತಿದ್ದ ಎಲೆ ಆಗಲೇ ಬಣ್ಣ ಕೆಟ್ಟಿತ್ತು, ಪಕ್ಕದ ಖಾಲಿ ಎಲೆಗೆ ಹಾಕಿದೆ.

ಕೈ ಹಾಕಿದ್ದೇನೆ ಅಂತ ಉಳಿದ ಲಗ್‌ಗಳ ತೋಳೂ ಸರಿಸಿ ನೋಡಿದೆ. ಕಂಪ್ರೆಸರ್ ಪಿನ್ ಮೇಲಿನ ಮೂರೂ ಬಿಗಿಯಾಗಿದ್ದವು. ಬ್ಲಾಕಿನ ಒಂದು ಸ್ಕ್ರೂ ಕಾಲು ಸುತ್ತು ತಿರುಗಿತು. ಕಂಡೆನ್ಸರ್ ಕಾಯಿಲ್ ಹಿಂಬದಿಯಲ್ಲಿ ಧೂಳು ಕಂಬಳಿಯ ಹಾಗೆ ಕೂತಿತ್ತು. ವೈರಿಂಗ್ ಕಡೆ ನೀರು ಬೀಳದಂತೆ ಒಳಗಿನಿಂದ ಹೊರಗೆ ಪೈಪ್ ಹಿಡಿದು ತೊಳೆದು, ಒಣಗಲು ಬಿಟ್ಟೆ.

ಸಂಜೆ ತಂಪಾದ ಮೇಲೆ ಎದ್ದರೆ ಅದು ಸಾಕ್ಷಿ ಆಗುವುದಿಲ್ಲ. ಅದಕ್ಕೇ ಮರುದಿನ ಮಧ್ಯಾಹ್ನ ಮೂರಕ್ಕೆ, ಬಿಸಿಲು ನೇರ ಯೂನಿಟ್ ಮೇಲೆ ಬೀಳುವಾಗ, ಅದೇ ಕ್ಲಿಪ್‌ಗಳನ್ನು ಅದೇ ಜಾಗಕ್ಕೆ ಹಾಕಿ ಆನ್ ಮಾಡಿಸಿದೆ. ಟುಕ್. ಐದು ಸಲ, ನಡುವೆ ಐದೈದು ನಿಮಿಷ ಬಿಟ್ಟು. ಐದೂ ಸಲ ಟುಕ್. ಓಡುವಾಗ ಆ ಜಾಯಿಂಟ್ ಮೇಲೆ 0.04 ವೋಲ್ಟ್. ಕರೆಂಟ್ 6.9ರಿಂದ 6.4ಕ್ಕೆ ಇಳಿದಿತ್ತು, ಅದು ಕಾಯಿಲ್ ತೊಳೆದ ಪುಣ್ಯ ಇರಬೇಕು. ಸಂಜೆ ಮೆಕ್ಯಾನಿಕ್‌ಗೆ ಸುಟ್ಟ ಲಗ್ಗಿನ ಫೋಟೊ ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: ಸುತ್ತಿಗೆ ಏಟಿಗೇ ಸರಿಹೋಗಿದ್ದು, ಸುಮ್ನೆ ಲಗ್ ಮೇಲೆ ಹಾಕಬೇಡಿ.